ಮೊಳಕೆಯ ಸಾಕ್ಷ್ಯ: ಮಿತಿಮೀರಿದ ಪೀಡೆನಾಶಕ ಮತ್ತು ಬೀಜದ ಬದುಕು



ದತ್ತಿ ಎಂದರೆ ಅಸಲಿಗೆ ಕೈಹಚ್ಚದೆ, ಅದರ ಬಡ್ಡಿಯಿಂದ ವರ್ಷವರ್ಷವೂ ಒಂದು ಒಳ್ಳೆಯ ಕೆಲಸ ನಡೆಯಲಿ ಎಂದು ಹಿರಿಯರು ಮಾಡಿಟ್ಟ ಏರ್ಪಾಡು. ಬೇಸಾಯದಲ್ಲಿಯೂ ಅಂಥ ಅಸಲು ಎರಡಿವೆ. ಒಂದು ಬೀಜದೊಳಗಿನ ಕಸುವು, ಇನ್ನೊಂದು ಮಣ್ಣಿನೊಳಗಿನ ಜೀವ. ಕಾಳು, ಮೇವು, ಹಣ್ಣು, ಹತ್ತಿ ಎಲ್ಲವೂ ಆ ಅಸಲಿನ ಬಡ್ಡಿ. ಬೆಳೆಯನ್ನು ಕಾಯಲೆಂದು ಬಳಸುವ ಪೀಡೆನಾಶಕಗಳು ಮಿತಿ ಮೀರಿದಾಗ ಈ ಅಸಲನ್ನು ಹೇಗೆ ಕರಗಿಸುತ್ತವೆ ಎಂಬುದು ಇಂದಿನ ಈ ದತ್ತಿ ಉಪನ್ಯಾಸದ ವಿಷಯ. ಪೀಡೆನಾಶಕ ಎಂಬ ಮಾತಿನಲ್ಲಿ ಕೀಟನಾಶಕ, ಶಿಲೀಂಧ್ರನಾಶಕ, ಕಳೆನಾಶಕ ಮೂರನ್ನೂ ಸೇರಿಸಿ ಹೇಳುತ್ತಿದ್ದೇನೆ. ನಮ್ಮ ಹಳ್ಳಿಗಳಲ್ಲಿ ಈ ಮೂರಕ್ಕೂ ಹೆಸರು ಒಂದೇ: ಕೆಲವೆಡೆ ‘ಔಷಧಿ’, ಉತ್ತರದ ಜಿಲ್ಲೆಗಳಲ್ಲಿ ‘ಎಣ್ಣೆ’.

ಈ ವಿಷಗಳ ಕುರಿತ ಸಾರ್ವಜನಿಕ ಚರ್ಚೆ ಹೊಸದಲ್ಲ. ಡಿಡಿಟಿಗೆ ಕೀಟವನ್ನು ಕೊಲ್ಲುವ ಗುಣವಿದೆ ಎಂದು 1939ರಲ್ಲಿ ಕಂಡುಕೊಂಡ ಪೌಲ್ ಮ್ಯೂಲರ್ ಅವರಿಗೆ 1948ರಲ್ಲಿ ನೊಬೆಲ್ ಪ್ರಶಸ್ತಿ ಬಂತು. 1962ರಲ್ಲಿ ರೇಚಲ್ ಕಾರ್ಸನ್ ಅವರ ‘ಸೈಲೆಂಟ್ ಸ್ಪ್ರಿಂಗ್’ ಹೊರಬಂದು, ಅದೇ ರಾಸಾಯನಿಕ ಹಕ್ಕಿಗಳ ಸಂತತಿಗೆ ತಂದ ಕೇಡನ್ನು ಜಗತ್ತಿನ ಮುಂದಿಟ್ಟಿತು. ನಮ್ಮಲ್ಲಿ 1958ರಲ್ಲಿ ಪ್ಯಾರಾಥಿಯಾನ್ ಬೆರೆತ ಆಹಾರ ತಿಂದು ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಆ ದುರಂತದ ನಂತರ ನಡೆದ ವಿಚಾರಣೆ, ಚರ್ಚೆಗಳ ಫಲವಾಗಿ 1968ರ ಕೀಟನಾಶಕ ಕಾಯ್ದೆ ರೂಪುಗೊಂಡಿತು. ಕಾಸರಗೋಡಿನಲ್ಲಿ, ನಮ್ಮ ಪುತ್ತೂರು, ಬೆಳ್ತಂಗಡಿ ತಾಲ್ಲೂಕುಗಳಲ್ಲಿ ಗೇರುತೋಟಗಳ ಮೇಲೆ ಆಕಾಶದಿಂದ ಸುರಿದ ಎಂಡೋಸಲ್ಫಾನ್ ಎಷ್ಟು ಮನೆಗಳ ಬದುಕನ್ನು ಕೆಡಿಸಿತೆಂಬುದು ಇಲ್ಲಿರುವ ಎಲ್ಲರಿಗೂ ಗೊತ್ತು. ಅದಕ್ಕೆ ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರಲ್ಲಿ. ಹೀಗೆ ತಿನ್ನುವವರ ಮೈ, ಸಿಂಪಡಿಸುವವರ ಮೈ, ಹಕ್ಕಿ, ಜೇನು, ಮೀನು ಇವೆಲ್ಲ ವಿಚಾರಣೆಗೆ ಬಂದಿವೆ, ಬರಲೇಬೇಕಿತ್ತು. ಆದರೆ ಯಾವುದನ್ನು ಉಳಿಸಲೆಂದು ಈ ವಿಷವನ್ನು ಸುರಿದೆವೋ ಆ ಬೆಳೆಯನ್ನು ನಾವು ಸಾಕ್ಷಿಯಾಗಿ ಕರೆದದ್ದು ಬಹಳ ಕಡಿಮೆ. ಔಷಧಿ ಹುಳುವಿಗೆ ವಿಷ, ಪೈರಿಗೆ ರಕ್ಷೆ ಎಂದು ನಂಬಿಕೊಂಡಿದ್ದೇವೆ. ಈ ನಂಬಿಕೆ ಅರ್ಧ ಮಾತ್ರ ನಿಜ. ಪೀಡೆ ಸತ್ತು ಪೈರು ಉಳಿಯುವುದು ಬಹುಪಾಲು ಪ್ರಮಾಣದ ಬಲದಿಂದ. ಪ್ರಮಾಣದ ಗೆರೆ ಅಳಿಸಿದ ಕಡೆ ಬೆಳೆಗೂ ಅದರ ವೈರಿಗೂ ನಡುವೆ ಇದ್ದ ಗೆರೆಯೇ ಅಳಿಸಿಹೋಗುತ್ತದೆ. ಅದರ ಮೊದಲ ಏಟು ಬೀಳುವುದು ಮೊಳಕೆಗೆ.

ಮೊದಲು ಬೀಜ ಮೊಳೆಯುವ ಬಗೆಯನ್ನು ನೋಡೋಣ. ಒಣಗಿದ ಕಾಳು ನೀರು ಹೀರಿ ಉಬ್ಬುತ್ತದೆ. ಈ ಹೀರುವಿಕೆಯಲ್ಲಿ ಆಯ್ಕೆ ಎಂಬುದು ತೀರ ಕಡಿಮೆ. ಸಿಪ್ಪೆಗೆ ತಗುಲಿದ ನೀರಿನಲ್ಲಿ ಏನು ಕರಗಿದೆಯೋ ಅದರಲ್ಲಿ ಒಂದಷ್ಟು ಒಳಗೆ ಹೋಗುತ್ತದೆ. ನಿದ್ದೆಯಿಂದ ಎದ್ದ ಭ್ರೂಣ ಜಿಬ್ಬರೆಲಿನ್ ಎಂಬ ಹಾರ್ಮೋನನ್ನು ಹೊರಬಿಡುತ್ತದೆ. ಭತ್ತ, ಗೋಧಿ, ಬಾರ್ಲಿಯಂಥ ಧಾನ್ಯಗಳಲ್ಲಿ ಆ ಕರೆ ಕಾಳಿನ ಹೊರಪದರಕ್ಕೆ ಮುಟ್ಟಿದಾಗ ಅಲ್ಲಿ ಅಮೈಲೇಸ್ ಎಂಬ ಕಿಣ್ವ ತಯಾರಾಗಿ, ಕೂಡಿಟ್ಟ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. ಆ ಸಕ್ಕರೆಯನ್ನುಂಡು ಬೇರಿನ ತುದಿಯ ಜೀವಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತ ಬೇರು ಕೆಳಗಿಳಿಯುತ್ತದೆ, ಕುಡಿ ಮೇಲೇಳುತ್ತದೆ. ಎಲೆ ಬಿಚ್ಚಿ ಬಿಸಿಲಿನಿಂದ ತನ್ನ ಅನ್ನವನ್ನು ತಾನೇ ಬೇಯಿಸಿಕೊಳ್ಳುವವರೆಗೆ ಸಸಿಗೆ ಇರುವುದು ತಾಯಿ ಕಟ್ಟಿಕೊಟ್ಟ ಬುತ್ತಿ ಮಾತ್ರ. ವಿಷವನ್ನು ಒಡೆದು ನಿರ್ವಿಷಗೊಳಿಸುವ ಶಕ್ತಿ ಬಲಿತ ಗಿಡದಲ್ಲಿರುವಷ್ಟು ಎಳೆಯ ಸಸಿಯಲ್ಲಿ ಇರುವುದಿಲ್ಲ. ಹಾಗಾಗಿ ಗಿಡದ ಇಡೀ ಬಾಳಿನಲ್ಲಿ ತೀರ ನಾಜೂಕಿನ ಕಾಲ ಈ ಮೊದಲ ಕೆಲವು ದಿನಗಳು.

ಈ ನಾಜೂಕಿನ ಯಂತ್ರದ ಯಾವ ಕೀಲಿಗೆ ಪೀಡೆನಾಶಕ ತಗುಲುತ್ತದೆ? ಶಿಲೀಂಧ್ರವಾಗಲಿ, ಕಳೆಯಾಗಲಿ, ಬೆಳೆಯಾಗಲಿ, ಜೀವಕೋಶದ ಮೂಲಸಾಮಗ್ರಿಯಲ್ಲಿ ಅವೆಲ್ಲ ದಾಯಾದಿಗಳು ಎಂಬುದರಲ್ಲಿ ಉತ್ತರವಿದೆ. ಒಂದು ಉದಾಹರಣೆ ನೋಡಿ. ಜಪಾನಿನ ಭತ್ತದ ಗದ್ದೆಗಳಲ್ಲಿ ಒಂದು ರೋಗವಿತ್ತು. ರೋಗ ತಗುಲಿದ ಸಸಿ ಅಸಹಜವಾಗಿ ಉದ್ದಕ್ಕೆ ಬೆಳೆದು, ಬಡಕಲಾಗಿ ಬೀಳುತ್ತಿತ್ತು. ಅಲ್ಲಿಯ ರೈತರು ಅದನ್ನು ‘ಮೂರ್ಖ ಸಸಿ’ ಎಂದು ಕರೆದರು. ಆ ರೋಗದ ಶಿಲೀಂಧ್ರ ಸ್ರವಿಸುವ ಒಂದು ವಸ್ತುವೇ ಸಸಿಯನ್ನು ಹೀಗೆ ಎಳೆಯುತ್ತದೆ ಎಂದು 1926ರಲ್ಲಿ ಎಯಿಚಿ ಕುರೊಸಾವಾ ತೋರಿಸಿದರು. ಆ ವಸ್ತುವೇ ಮುಂದೆ ಜಿಬ್ಬರೆಲಿನ್ ಎಂಬ ಹೆಸರು ಪಡೆಯಿತು. ಈಗ ಟ್ರಯಜೋಲ್ ಗುಂಪಿನ ಶಿಲೀಂಧ್ರನಾಶಕಗಳನ್ನು ತೆಗೆದುಕೊಳ್ಳಿ. ಅವು ಶಿಲೀಂಧ್ರದ ಕೋಶಪೊರೆಗೆ ಬೇಕಾದ ಕೊಬ್ಬನ್ನು ಕಟ್ಟುವ ಒಂದು ಕಿಣ್ವವನ್ನು ಕಟ್ಟಿಹಾಕುತ್ತವೆ. ಅದೇ ಕುಟುಂಬದ ಇನ್ನೊಂದು ಕಿಣ್ವ ಗಿಡದೊಳಗೆ ಜಿಬ್ಬರೆಲಿನ್ ತಯಾರಿಸುತ್ತದೆ. ಪ್ರಮಾಣ ಹೆಚ್ಚಾದಾಗ ವಿಷ ಇದನ್ನೂ ಹಿಡಿಯುತ್ತದೆ. ಟ್ರಯಜೋಲ್ ಲೇಪಿಸಿದ ಗೋಧಿಯಲ್ಲಿ ಮೊಳಕೆಯ ಕವಚ ಗಿಡ್ಡವಾಗುವುದು, ಆಳವಾಗಿ ಬಿತ್ತಿದ್ದರೆ ಕುಡಿ ನೆಲ ಸೀಳಿ ಮೇಲೆ ಬರಲಾರದೆ ಹೋಗುವುದು ಬೀಜತಜ್ಞರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಮಾವಿನ ಮರದ ಬೆಳವಣಿಗೆಯನ್ನು ತಡೆದು ಹೂ ಬಿಡಿಸಲು ಬಳಸುವ ಪ್ಯಾಕ್ಲೊಬುಟ್ರಜೋಲ್ ಕೂಡ ಇದೇ ಗುಂಪಿನದು ಎಂದು ನೆನೆದರೆ ಇದರಲ್ಲಿ ಅಚ್ಚರಿಯಿಲ್ಲ.

ಎರಡನೆಯ ಕೀಲಿ ಕೋಶವಿಭಜನೆ. ಒಂದು ಕೋಶ ಎರಡಾಗುವಾಗ ವರ್ಣತಂತುಗಳನ್ನು ಎರಡು ಬದಿಗೆ ಎಳೆಯುವ ಎಳೆಗಳು ಟ್ಯೂಬುಲಿನ್ ಎಂಬ ಪ್ರೋಟೀನಿನಿಂದ ನೇಯ್ದವು. ಕಾರ್ಬೆಂಡಜಿಮ್ ಶಿಲೀಂಧ್ರದ ಟ್ಯೂಬುಲಿನ್ ಹಿಡಿದು ಅದನ್ನು ಕೊಲ್ಲುತ್ತದೆ. ಪೆಂಡಿಮೆಥಾಲಿನ್ ಎಂಬ ಕಳೆನಾಶಕ ಮೊಳೆಯುತ್ತಿರುವ ಕಳೆಯ ಟ್ಯೂಬುಲಿನ್ ಹಿಡಿದು ಅದರ ಬೇರನ್ನು ನಿಲ್ಲಿಸುತ್ತದೆ. 1938ರಲ್ಲಿ ಸ್ವೀಡನ್ನಿನ ಆಲ್ಬರ್ಟ್ ಲೆವಾನ್ ಈರುಳ್ಳಿಯ ಬೇರಿನ ತುದಿಯನ್ನು ಕೋಲ್ಚಿಸಿನ್ ದ್ರಾವಣದಲ್ಲಿ ಇಟ್ಟು, ವರ್ಣತಂತುಗಳು ಬೇರ್ಪಡದೆ ಚದುರುವುದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಈರುಳ್ಳಿಯ ಕೋಶದಲ್ಲಿ ಇರುವುದು 16 ವರ್ಣತಂತುಗಳು, ಅವೂ ದೊಡ್ಡವು, ಎಣಿಸಲು ಸುಲಭ. ಅಂದಿನಿಂದ ಇಂದಿನವರೆಗೆ ಈ ಪರೀಕ್ಷೆ ನೂರಾರು ಪ್ರಯೋಗಾಲಯಗಳಲ್ಲಿ ಪೀಡೆನಾಶಕಗಳ ಮೇಲೂ ನಡೆಯುತ್ತಿದೆ. ಕಾಣುವ ಚಿತ್ರ ಮತ್ತೆಮತ್ತೆ ಒಂದೇ: ದ್ರಾವಣ ಗಾಢವಾದಷ್ಟೂ ವಿಭಜನೆಯಾಗುವ ಕೋಶಗಳು ಕಡಿಮೆ, ಮುರಿದ ಮತ್ತು ಅಂಟಿಕೊಂಡ ವರ್ಣತಂತುಗಳು ಹೆಚ್ಚು, ಬೇರು ಮೋಟು. ಯಾವ ವಿಷ ಎಷ್ಟು ಗಾಢತೆಯಲ್ಲಿ ಹೀಗೆ ಮಾಡುತ್ತದೆ ಎಂಬುದರಲ್ಲಿ ವ್ಯತ್ಯಾಸವಿದೆ. ಗಾಢತೆ ಏರಿದಂತೆ ಕೇಡು ಏರುತ್ತದೆ ಎಂಬುದರಲ್ಲಿ ಇಲ್ಲ.

ಇಷ್ಟು ಕೇಳಿದ ಮೇಲೆ ಪ್ರಮಾಣದ ಲೆಕ್ಕವನ್ನು ಕೈಯಲ್ಲಿ ಹಿಡಿದು ನೋಡಬೇಕು. ಭತ್ತದ ಬೀಜೋಪಚಾರಕ್ಕೆ ಕಿಲೋ ಬೀಜಕ್ಕೆ 2 ಗ್ರಾಂ ಕಾರ್ಬೆಂಡಜಿಮ್ ಎಂಬುದು ಪರಿಚಿತ ಶಿಫಾರಸು. ಸಾವಿರ ಭತ್ತದ ಕಾಳಿನ ತೂಕ 25 ಗ್ರಾಂ ಎಂದು ಹಿಡಿದರೆ ಕಿಲೋದಲ್ಲಿ 40,000 ಕಾಳು. ಅಂದರೆ ಒಂದು ಕಾಳಿನ ಪಾಲಿಗೆ ಬರಬೇಕಾದದ್ದು ಒಂದು ಗ್ರಾಮಿನ ಇಪ್ಪತ್ತು ಸಾವಿರದ ಒಂದು ಭಾಗ. ಇದನ್ನು ಸುತ್ತುವ ಡ್ರಮ್ಮಿನಲ್ಲಿ ಹದವಾಗಿ ಲೇಪಿಸಿದರೆ ಕಾಳಿಗೊಂದು ತೆಳ್ಳನೆಯ ಅಂಗಿ ಸಿಗುತ್ತದೆ. ತಾಡಪಾಲಿನ ಮೇಲೆ ಬೀಜ ಸುರಿದು, ಕೈಯಂದಾಜಿನಲ್ಲಿ ಪುಡಿ ಚೆಲ್ಲಿ, ನಾಲ್ಕು ಸಲ ತಿರುವಿದರೆ ಒಂದು ಕಾಳಿಗೆ ಏನೂ ಸಿಗದೆ, ಪಕ್ಕದ ಕಾಳಿಗೆ ಹತ್ತು ಪಾಲು ಮೆತ್ತಿಕೊಳ್ಳುತ್ತದೆ. ಅದರ ಮೇಲೆ ಎರಡು ಗ್ರಾಂ ಬದಲು ಐದು ಗ್ರಾಂ ಇರಲಿ ಎನ್ನುವ ಧಾರಾಳವೂ ಸೇರಿದರೆ ಆ ಕಾಳಿನ ಗತಿ ಏನು? ಸಿಂಪಡಣೆಯಲ್ಲೂ ಹೀಗೆಯೇ. ಲೇಬಲ್ಲಿನಲ್ಲಿ ಲೀಟರಿಗೆ ಇಷ್ಟು ಮಿಲಿ ಎಂದು ಇರುತ್ತದೆ, ಹೊಲದ ಬದುವಿನಲ್ಲಿ ಅಳತೆಗೋಲು ಡಬ್ಬಿಯ ಮುಚ್ಚಳ. ಒಂದು ಮುಚ್ಚಳದ ಜಾಗದಲ್ಲಿ ಎರಡು ಹಾಕುವುದು ಕ್ಷಣದ ಕೆಲಸ. ಅದರಿಂದ ಎಳೆಯ ಎಲೆಯ ಅಂಚು ಸುಟ್ಟು, ಬೆಳವಣಿಗೆ ವಾರಗಟ್ಟಲೆ ಹಿಂದೆ ಬಿದ್ದಾಗ ‘ಗಿಡ ಯಾಕೋ ಏಳುತ್ತಿಲ್ಲ’ ಎಂದು ಟಾನಿಕ್ ತರಲು ಮತ್ತೆ ಅಂಗಡಿಗೆ ಹೋಗುವುದು ಎರಡನೆಯ ಖರ್ಚು.

ಪ್ರಮಾಣದಷ್ಟೇ ಮುಖ್ಯವಾದದ್ದು ಬೆರಕೆ. ಒಂದೇ ಪಂಪಿಗೆ ಮೂರು ನಾಲ್ಕು ಔಷಧಿ ಸುರಿದು ಹೊಡೆಯುವುದು ಈಗ ರೂಢಿಯಾಗಿದೆ. ಬೆಳೆ ಒಂದು ವಿಷವನ್ನು ತಡೆದುಕೊಳ್ಳುವುದು ಅದನ್ನು ಒಡೆಯುವ ಕಿಣ್ವ ತನ್ನಲ್ಲಿರುವುದರಿಂದ. ಪ್ರೊಪನಿಲ್ ಎಂಬ ಕಳೆನಾಶಕ ಗದ್ದೆಯ ಹುಲ್ಲನ್ನು ಕೊಂದು ಭತ್ತವನ್ನು ಬಿಡುತ್ತದೆ. ಕಾರಣ, ಭತ್ತದ ಎಲೆಯಲ್ಲಿ ಅದನ್ನು ಒಡೆಯುವ ಕಿಣ್ವವಿದೆ, ಹುಲ್ಲಿನಲ್ಲಿ ಅದು ತೀರ ಕಡಿಮೆ. ಅದರ ಜೊತೆಗೋ ಹಿಂದೆಮುಂದೆಯೋ ಕಾರ್ಬರಿಲ್‌ನಂಥ ಕಾರ್ಬಮೇಟ್ ಅಥವಾ ಕೆಲವು ಆರ್ಗನೋಫಾಸ್ಫೇಟ್ ಕೀಟನಾಶಕಗಳನ್ನು ಹೊಡೆದರೆ ಅವು ಆ ಕಿಣ್ವವನ್ನೇ ಕಟ್ಟಿಹಾಕುತ್ತವೆ, ಆಗ ಭತ್ತವೂ ಹುಲ್ಲಿನ ಹಾಗೆ ಸುಡುತ್ತದೆ. ಎರಡರ ಪ್ರಮಾಣವೂ ಸರಿಯಿದ್ದು ಕೇಡು ಮಾತ್ರ ಬೆರಕೆಯಿಂದ ಆದದ್ದಕ್ಕೆ ಇದು ನಿದರ್ಶನ. ನೋಂದಣಿಗೆ ಮುನ್ನ ಬೆಳೆಯ ಮೇಲಿನ ದುಷ್ಪರಿಣಾಮದ ಮಾಹಿತಿಯನ್ನು ನಮ್ಮ ನಿಯಮಗಳೂ ಕೇಳುತ್ತವೆ, ಅದು ಸರಿ. ಆದರೆ ಪರೀಕ್ಷೆ ನಡೆಯುವುದು ಕಂಪನಿಯ ಡಬ್ಬಿಯಲ್ಲಿರುವ ವಸ್ತುವಿನ ಮೇಲೆ. ಹೊಲದ ಪಂಪಿನೊಳಗೆ ಆ ದಿನ ಹುಟ್ಟುವ ಬೆರಕೆಯನ್ನು ಯಾರೂ ಪರೀಕ್ಷಿಸಿರುವುದಿಲ್ಲ. ಕಳೆನಾಶಕ ಹೊಡೆದ ಪಂಪನ್ನು ಸರಿಯಾಗಿ ತೊಳೆಯದೆ ಕೀಟನಾಶಕ ತುಂಬಿದರೂ ಸಾಕು. 2,4-ಡಿ ಗಾಳಿಯಲ್ಲಿ ತೇಲಿ ಬಂದರೂ ಹತ್ತಿಯ ಎಲೆ ಬೆರಳುಬೆರಳಾಗಿ ಸೀಳುವುದನ್ನು ಕಬ್ಬು, ಜೋಳದ ಪಕ್ಕದಲ್ಲಿ ಹತ್ತಿ ಬೆಳೆಯುವ ಊರುಗಳು ಬಲ್ಲವು.

ಇನ್ನು ಬೇರಿನ ಲೋಕ. ತೊಗರಿ, ಶೇಂಗಾ, ಸೋಯಾ, ಕಡಲೆಗಳು ಗಾಳಿಯ ಸಾರಜನಕವನ್ನು ರೈಜೋಬಿಯಂ ಎಂಬ ಅಣುಜೀವಿಯ ಮೂಲಕ ಪಡೆಯುತ್ತವೆ. ಇದಕ್ಕೆ ಮೊದಲು ಬೇರಿಗೂ ಅಣುಜೀವಿಗೂ ರಾಸಾಯನಿಕ ಮಾತುಕತೆ ನಡೆಯಬೇಕು: ಬೇರು ಒಂದು ಸಂಕೇತ ಬಿಡುತ್ತದೆ, ಅಣುಜೀವಿ ಅದನ್ನು ಗುರುತಿಸಿ ಉತ್ತರ ಕೊಡುತ್ತದೆ, ಆಮೇಲೆ ಗಂಟು ಕಟ್ಟುತ್ತದೆ. ಕುದುರೆ ಮಸಾಲೆ ಎನ್ನುವ ಲೂಸರ್ನ್ ಮೇವಿನ ಬೆಳೆಯ ಮೇಲೆ ನಡೆದು 2007ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು, ಮೀಥೈಲ್ ಪ್ಯಾರಾಥಿಯಾನ್, ಡಿಡಿಟಿ ಮುಂತಾದವು ಈ ಮಾತುಕತೆಗೇ ಅಡ್ಡ ಬರುತ್ತವೆ, ಗಂಟು ಕಡಿಮೆಯಾಗಿ ಗಿಡದ ಇಳುವರಿ ಇಳಿಯುತ್ತದೆ ಎಂದು ತೋರಿಸಿತು. ಇಂಥ ಗಿಡವನ್ನು ಕಂಡವರು ಮಣ್ಣಿನಲ್ಲಿ ಸತ್ವವಿಲ್ಲ ಎಂದುಕೊಂಡು ಯೂರಿಯಾ ಹಾಕುತ್ತಾರೆ. ವಿಷದಿಂದ ಆದ ನಷ್ಟವನ್ನು ಗೊಬ್ಬರದಿಂದ ತುಂಬಿದಂತಾಗುತ್ತದೆ, ನಷ್ಟದ ಕಾರಣ ಮಾತ್ರ ಮರೆಯಲ್ಲೇ ಉಳಿಯುತ್ತದೆ. ಮೆಕ್ಕೆಜೋಳಕ್ಕೆ ಹಾಕಿದ ಅಟ್ರಾಜಿನ್ ಮಣ್ಣಿನಲ್ಲಿ ಉಳಿದು ಮುಂದಿನ ದ್ವಿದಳ ಬೆಳೆಯ ಸಸಿಗಳನ್ನು ಹಳದಿ ಮಾಡಿ ಕೊಲ್ಲುವುದೂ ಇದೇ ಜಾತಿಯ ಕೇಡು. ಸಲ್ಫೊನೈಲ್‌ಯೂರಿಯಾ ಗುಂಪಿನ ಕೆಲವು ಕಳೆನಾಶಕಗಳು ಕ್ಷಾರಗುಣದ ಮಣ್ಣಿನಲ್ಲಿ ನಿಧಾನವಾಗಿ ಒಡೆಯುತ್ತವೆ. ನಮ್ಮ ಉತ್ತರದ ಕಪ್ಪು ಎರೆಭೂಮಿ ಬಹುಮಟ್ಟಿಗೆ ಕ್ಷಾರೀಯವೇ.

ಈಗ ಆಕ್ಷೇಪಗಳಿಗೆ ಬರುತ್ತೇನೆ. ಮೊದಲನೆಯದು ಪ್ರಾಮಾಣಿಕವಾದದ್ದು, ತೂಕವುಳ್ಳದ್ದು: ಬೀಜೋಪಚಾರದಿಂದ ಮೊಳಕೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲವಲ್ಲ? ಇದು ನಿಜ. ಬೀಜದ ಮೈಮೇಲೂ ಮಣ್ಣಿನಲ್ಲೂ ಇರುವ ಶಿಲೀಂಧ್ರಗಳಿಂದ ಶೇಂಗಾ, ಸೋಯಾ ಬೀಜಗಳು ಕೊಳೆತು ಹೋಗುವುದನ್ನು ಹದವಾದ ಉಪಚಾರ ತಡೆಯುತ್ತದೆ. ಥಯಾಮೆಥಾಕ್ಸಾಮ್‌ನಂಥ ಕೆಲವು ಕೀಟನಾಶಕಗಳು ಸಣ್ಣ ಪ್ರಮಾಣದಲ್ಲಿ ಸಸಿಯ ಕಸುವನ್ನು ಹೆಚ್ಚಿಸಿದ ವರದಿಗಳೂ ಇವೆ. ಆದರೆ ಈ ಸಾಕ್ಷ್ಯ ನನ್ನ ವಾದವನ್ನು ಒಡೆಯುವುದಿಲ್ಲ, ಗಟ್ಟಿಗೊಳಿಸುತ್ತದೆ. ಸಣ್ಣ ಪ್ರಮಾಣದಲ್ಲಿ ಸಸಿ ಚುರುಕಾಯಿತೆಂದರೆ ಆ ರಾಸಾಯನಿಕ ಗಿಡದೊಳಗಿನ ವ್ಯವಹಾರದಲ್ಲಿ ಕೈಯಾಡಿಸುತ್ತಿದೆ ಎಂದೇ ಅರ್ಥ. ಕೈಯಾಡಿಸಬಲ್ಲದ್ದು ಕೆಡಿಸಲೂ ಬಲ್ಲದು. ಬೀಜೋಪಚಾರ ಬೇಡ ಎಂದು ನಾನು ಹೇಳುತ್ತಿಲ್ಲ. ಕಿಲೋಗೆ 2 ಗ್ರಾಂ ಎಂಬ ಮಾತಿನಲ್ಲಿ 2 ಎಂಬ ಅಂಕಿಗೆ ಔಷಧಿಯ ಹೆಸರಿನಷ್ಟೇ ಬೆಲೆಯಿದೆ ಎನ್ನುತ್ತಿದ್ದೇನೆ.

ಎರಡನೆಯ ಆಕ್ಷೇಪ: ಗಾಜಿನ ತಟ್ಟೆಯ ಪ್ರಯೋಗ ಹೊಲದ ಸತ್ಯವಲ್ಲ, ಮಣ್ಣು ವಿಷವನ್ನು ಹಿಡಿದಿಟ್ಟುಕೊಳ್ಳುತ್ತದೆ, ಅಣುಜೀವಿಗಳು ಒಡೆಯುತ್ತವೆ. ಇದರಲ್ಲೂ ಹುರುಳಿದೆ. ಒದ್ದೆ ಕಾಗದದ ಮೇಲೆ ಕಂಡ ಕೇಡು ಮಣ್ಣಿನಲ್ಲಿ ಕಡಿಮೆಯಾಗಬಹುದು. ಆದ್ದರಿಂದಲೇ 1924ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಬೀಜ ಪರೀಕ್ಷಾ ಸಂಘದ ಕ್ರಮದಲ್ಲಿ, ಕಾಗದದ ಮೇಲೆ ವಿಷದ ಲಕ್ಷಣ ಕಂಡರೆ ಮರಳು ಅಥವಾ ಮಣ್ಣಿನಲ್ಲಿ ಮತ್ತೆ ಪರೀಕ್ಷಿಸಬೇಕು. ಆದರೆ ಮಣ್ಣಿನ ಈ ಔದಾರ್ಯ ಅದರಲ್ಲಿರುವ ಸಾವಯವ ಅಂಶವನ್ನು ನೆಚ್ಚಿಕೊಂಡಿದೆ. ನಮ್ಮ ಒಣಬೇಸಾಯದ ಕೆಂಪು ಮಣ್ಣುಗಳಲ್ಲಿ ಸಾವಯವ ಇಂಗಾಲ ಅರ್ಧ ಶೇಕಡಕ್ಕಿಂತ ಕಡಿಮೆಯಿರುವುದು ಸಾಮಾನ್ಯ. ಹಿಡಿದಿಟ್ಟುಕೊಳ್ಳಲು ಇಂಗಾಲ ಬೇಕು, ಒಡೆಯಲು ಅಣುಜೀವಿ ಬೇಕು. ಇವೆರಡೂ ಸೊರಗಿರುವ ನೆಲಕ್ಕೆ ಹೋಗಿ ವಿಷದ ಹೊರೆ ಹೊರಲು ಹೇಳುವುದು ನ್ಯಾಯವಲ್ಲ.

ಮೂರನೆಯದು ಅಂಕಿಸಂಖ್ಯೆಯ ವಾದ. ಭಾರತದ ಸರಾಸರಿ ಬಳಕೆ ಹೆಕ್ಟೇರಿಗೆ ಅರ್ಧ ಕಿಲೋ ಆಸುಪಾಸು, ಜಪಾನ್, ಚೀನಾಗಳಿಗಿಂತ ಎಷ್ಟೋ ಕಡಿಮೆ. ಹಾಗಿದ್ದ ಮೇಲೆ ಅತಿಬಳಕೆಯ ಮಾತೇಕೆ ಎಂದು ಕೇಳುತ್ತಾರೆ. ಏನೂ ಹೊಡೆಯದ ಹುರುಳಿ, ನವಣೆಯ ಹೊಲವನ್ನೂ ವಾರಕ್ಕೆರಡು ಸಲ ಹೊಡೆಯುವ ಮೆಣಸಿನಕಾಯಿ ಹೊಲವನ್ನೂ ಕೂಡಿಸಿ ಭಾಗಿಸಿದರೆ ಬರುವ ಅಂಕಿ ಎರಡು ಹೊಲಗಳ ಬಗೆಗೂ ಸುಳ್ಳು ಹೇಳುತ್ತದೆ. ಬಿಟಿ ಹತ್ತಿ ಬರುವ ಮುಂಚೆ ದೇಶದ ಬೆಳೆ ಪ್ರದೇಶದ ಶೇಕಡ 5ರಷ್ಟಿದ್ದ ಹತ್ತಿಯೊಂದೇ ಒಟ್ಟು ಪೀಡೆನಾಶಕದ ಸುಮಾರು ಅರ್ಧವನ್ನು ನುಂಗುತ್ತಿತ್ತು ಎಂಬ ಅಂದಾಜು ಪ್ರಸಿದ್ಧ. ಮೊಳಕೆಗೆ ಸರಾಸರಿ ಗೊತ್ತಿಲ್ಲ. ತನ್ನ ಸುತ್ತಲಿನ ಹಿಡಿಮಣ್ಣಿನಲ್ಲಿ ಎಷ್ಟಿದೆಯೋ ಅದು ಮಾತ್ರ ಅದಕ್ಕೆ ಗೊತ್ತು.

ನಾಲ್ಕನೆಯ ಮಾತು: ಔಷಧಿ ಕಡಿಮೆ ಮಾಡಿದರೆ ಬೆಳೆ ಹುಳುವಿನ ಪಾಲಾಗುತ್ತದೆ. ಇದಕ್ಕೆ ಇತಿಹಾಸ ಉತ್ತರ ಕೊಟ್ಟಿದೆ. ಇಂಡೋನೇಷ್ಯಾದಲ್ಲಿ ಸರ್ಕಾರದ ಸಹಾಯಧನದಿಂದ ಅಗ್ಗವಾಗಿದ್ದ ಕೀಟನಾಶಕಗಳು ಗದ್ದೆಯ ಜೇಡ, ಪರಭಕ್ಷಕ ಕೀಟಗಳನ್ನು ಕೊಂದವು. ಅವುಗಳ ಹೆದರಿಕೆಯಿಲ್ಲದೆ ಕಂದು ಜಿಗಿಹುಳು ಹೊಡೆದಷ್ಟೂ ಹೆಚ್ಚಿತು. 1986ರಲ್ಲಿ ಅಲ್ಲಿಯ ಅಧ್ಯಕ್ಷರ ಆಜ್ಞೆಯಂತೆ ಭತ್ತಕ್ಕೆ 57 ಕೀಟನಾಶಕಗಳ ಬಳಕೆ ನಿಂತಿತು, ಸಹಾಯಧನ ಹಂತಹಂತವಾಗಿ ಹೋಯಿತು, 1989ರಿಂದ ರೈತರ ಹೊಲಶಾಲೆಗಳು ನಡೆದವು. ಭತ್ತದ ಉತ್ಪಾದನೆ ಕುಸಿಯಲಿಲ್ಲ. ನಮ್ಮ ತುಂಗಭದ್ರಾ ಅಚ್ಚುಕಟ್ಟಿನಲ್ಲೂ ಜಿಗಿಹುಳು ಹೊಸ ಅತಿಥಿಯಲ್ಲ. 2021ರ ಹಿಂಗಾರಿನ ಹೊತ್ತಿಗೆ ಬಳ್ಳಾರಿ, ರಾಯಚೂರಿನ ಮೆಣಸಿನಕಾಯಿಗೆ ಕಪ್ಪು ಥ್ರಿಪ್ಸ್ ಬಿದ್ದಾಗ ಎಷ್ಟು ಸಲ ಹೊಡೆದರೂ ಅದು ಜಗ್ಗಲಿಲ್ಲ. ಹೊಡೆತ ಹೆಚ್ಚಿದಷ್ಟೂ ಪೀಡೆ ಪಳಗುತ್ತದೆ, ಏಕೆಂದರೆ ಅದಕ್ಕೆ ವರ್ಷದಲ್ಲಿ ಹತ್ತಾರು ತಲೆಮಾರು. ಬೆಳೆಗೆ ಹಾಗೆ ಪಳಗಲು ಅವಕಾಶವೇ ಇಲ್ಲ. ಅದರ ಬೀಜ ಪ್ರತಿ ಹಂಗಾಮಿಗೂ ಚೀಲದಲ್ಲಿ ಹೊಸದಾಗಿ ಬರುತ್ತದೆ. ಪ್ರಮಾಣದ ಈ ಪೈಪೋಟಿಯಲ್ಲಿ ಸೋಲುವ ಸರದಿ ಯಾವಾಗಲೂ ಪೈರಿನದು.

ಕೊನೆಯದಾಗಿ, ಇದೆಲ್ಲ ರೈತರ ಅಜ್ಞಾನ ಎನ್ನುವವರಿದ್ದಾರೆ. ಈ ಮಾತನ್ನು ನಾನು ಒಪ್ಪಲಾರೆ. ಸಾಲ ಕೊಡುವ ಅಂಗಡಿ, ಔಷಧಿ ಮಾರುವ ಅಂಗಡಿ, ಯಾವ ಔಷಧಿ ಎಂದು ಹೇಳುವ ಅಂಗಡಿ ಮೂರೂ ಒಂದೇ ಆಗಿರುವ ಊರುಗಳು ಬಹಳ. ಕಲಬೆರಕೆ ಮಾಲು ಬರುತ್ತದೆಂಬ ಅನುಮಾನವಿರುವಾಗ ಒಂದರ ಬದಲು ಎರಡು ಮುಚ್ಚಳ ಹಾಕುವುದು ಮೂರ್ಖತನವಲ್ಲ, ಭಯದ ಲೆಕ್ಕಾಚಾರ. ಲೇಬಲ್ಲಿನ ಅಕ್ಷರ ಓದಲಾಗದಷ್ಟು ಸಣ್ಣದಾಗಿದ್ದರೆ ತಪ್ಪು ಓದುವವರದಲ್ಲ. ಆದ್ದರಿಂದ ಪರಿಹಾರವೂ ಬುದ್ಧಿವಾದದಲ್ಲಿಲ್ಲ, ರೈತರ ಕೈಗೆ ಸ್ವತಂತ್ರವಾದ ಪುರಾವೆ ಕೊಡುವುದರಲ್ಲಿದೆ.

ಆ ಪುರಾವೆ ದುಬಾರಿಯಲ್ಲ. ಮನುಷ್ಯನ ಮೈಮೇಲೆ ವಿಷದ ಪರಿಣಾಮವನ್ನು ಸಾಧಿಸಲು ದಶಕಗಳು ಹಿಡಿದದ್ದನ್ನು ಎಂಡೋಸಲ್ಫಾನ್ ಪ್ರಕರಣದಲ್ಲಿ ಕಂಡೆವು. ಬೀಜ ಒಂದೆರಡು ವಾರಗಳಲ್ಲಿ ಸಾಕ್ಷಿ ಹೇಳುತ್ತದೆ. ಪ್ರಮಾಣಿತ ಬೀಜಕ್ಕೆ ಕನಿಷ್ಠ ಮೊಳಕೆ ಭತ್ತದಲ್ಲಿ ಶೇಕಡ 80, ರಾಗಿ ಮತ್ತು ತೊಗರಿಯಲ್ಲಿ 75, ಸೋಯಾದಲ್ಲಿ 70, ಮೆಣಸಿನಕಾಯಿಯಲ್ಲಿ 60 ಇರಬೇಕೆಂಬ ಮಾನದಂಡ ಆಗಲೇ ಇದೆ. ಚೀಲದ ಮೇಲಿನ ಈ ಅಂಕಿಯನ್ನು ಉಪಚಾರದ ನಂತರವೂ ಕೇಳುವ ಹಕ್ಕು ರೈತರಿಗಿರಬೇಕು. ಪ್ರತಿ ರೈತ ಸಂಪರ್ಕ ಕೇಂದ್ರದಲ್ಲಿ ಬಿತ್ತನೆಗೆ ಮುಂಚೆ ಉಪಚರಿಸಿದ ಬೀಜ, ಉಪಚರಿಸದ ಬೀಜ ಎರಡನ್ನೂ ಅಕ್ಕಪಕ್ಕ ಮೊಳೆಸಿ ತೋರಿಸಬೇಕು. ಕಳೆನಾಶಕ ಬಿದ್ದ ಹೊಲದ ಮಣ್ಣನ್ನು ತಟ್ಟೆಯಲ್ಲಿ ತುಂಬಿ, ಸೌತೆ ಅಥವಾ ಸಾಸಿವೆ ಬಿತ್ತಿ, ಅದು ಏಳುತ್ತದೆಯೇ ಎಂದು ನೋಡಿದ ಮೇಲೆ ಮುಂದಿನ ಬೆಳೆಯ ನಿರ್ಧಾರವಾಗಬೇಕು. ದ್ವಿದಳ ಬೀಜಕ್ಕೆ ಮೊದಲು ಶಿಲೀಂಧ್ರನಾಶಕ, ಆಮೇಲೆ ಕೀಟನಾಶಕ, ಕಟ್ಟಕಡೆಗೆ ರೈಜೋಬಿಯಂ ಎಂಬ ಕ್ರಮ, ಸಾಧ್ಯವಿದ್ದಲ್ಲಿ ರಾಸಾಯನಿಕದ ಬದಲು ಟ್ರೈಕೊಡರ್ಮ, ಡಬ್ಬಿಯ ಜೊತೆ ಗೆರೆ ಹಾಕಿದ ಅಳತೆಲೋಟ, ಬೆರೆಸಬಾರದ ಔಷಧಿಗಳ ಪಟ್ಟಿ ದೊಡ್ಡ ಕನ್ನಡ ಅಕ್ಷರಗಳಲ್ಲಿ: ಇವು ಯಾವುದಕ್ಕೂ ಹೊಸ ವಿಜ್ಞಾನ ಬೇಕಿಲ್ಲ. ಬೆಂಗಳೂರು, ಧಾರವಾಡ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಈ ವಿದ್ಯೆ ಇದೆ. ಅದು ಬಿತ್ತನೆಯ ಹೊತ್ತಿಗೆ ಹಳ್ಳಿಯ ಜಗುಲಿಗೆ ಬರಬೇಕಷ್ಟೆ.

ನೂರು ಕಾಳನ್ನು ಎಣಿಸಿ, ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟು, ವಾರದ ಮೇಲೆ ಬಿಚ್ಚಿ ನೋಡುವ ಪದ್ಧತಿ ನಮ್ಮ ಹಿರಿಯರಿಗೆ ಗೊತ್ತಿತ್ತು. ಅವರು ಎಣಿಸುತ್ತಿದ್ದದ್ದು ಹಳೆಯ ಬೀಜ ಬದುಕಿದೆಯೇ ಎಂದು. ನಾವು ಎರಡು ತಾಟು ಸುತ್ತಬೇಕು, ಒಂದು ವಿಷ ಸೋಕದ್ದು, ಇನ್ನೊಂದು ಸೋಕಿದ್ದು. ಮೊಳಕೆಯ ಲೆಕ್ಕದ ಜೊತೆ ಬೇರಿನ ಉದ್ದವನ್ನೂ ಅಳೆಯಬೇಕು. ಎರಡರ ನಡುವೆ ಕಾಣುವ ಅಂತರವೇ ನಾವು ಅಸಲಿನಿಂದ ತೆಗೆದು ತಿಂದ ಪಾಲು. ಆ ಲೆಕ್ಕ ಊರೂರಿನಲ್ಲಿ, ಪ್ರತಿ ಮುಂಗಾರಿಗೆ ಮುಂಚೆ, ಎಲ್ಲರ ಕಣ್ಣೆದುರು ನಡೆಯಲಿ ಎಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.